ತ್ರಿವೇಣಿ: ಮರುಬಾಳು ಮತ್ತು ಮನೆಯ ಹೊಸಿಲು

ಹಳೆಯ ಮೈಸೂರು ಸೀಮೆಯ ಲೇಖಕರ ಹೆಸರುಗಳಲ್ಲಿ ಊರು ಮೊದಲು ಬರುತ್ತದೆ, ವ್ಯಕ್ತಿ ಆಮೇಲೆ. ಹಾಸನ ತಾಲ್ಲೂಕಿನ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹೆಸರಿನಲ್ಲಿ ಪೂರ್ಣವಾಗಿಯೇ ನಿಂತಿದೆ. ಕೋಲಾರದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಾಳಿದ ಅ.ನ. ಕೃಷ್ಣರಾಯರ ಮೊದಲಕ್ಷರ ಪೂರ್ವಿಕರ ಅರಕಲಗೂಡನ್ನು ಕೊನೆಯವರೆಗೂ ಬಿಡಲಿಲ್ಲ. ಪತ್ರಕರ್ತ ಎಚ್.ವೈ. ಶಾರದಾಪ್ರಸಾದರ ಎಚ್ ಹೊಳೆನರಸೀಪುರ, ಎಸ್.ಎಲ್. ಭೈರಪ್ಪನವರ ಎಸ್ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಅಲ್ಲಿಂದ ಬೆಂಗಳೂರಿನ ಹಾದಿ ಹಿಡಿದರೆ ಜಿಲ್ಲೆಯ ಗಡಿ ದಾಟಿದ ಸ್ವಲ್ಪ ದೂರಕ್ಕೇ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಸಿಗುತ್ತದೆ, ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಬಿ ಎಂಬುದು ಆ ಊರು. ಗಂಡಸರು ಊರು ಬಿಟ್ಟು ಮೈಸೂರು, ಬೆಂಗಳೂರು ಸೇರಿದರೂ ಹೆಸರಿನ ಅಂಚಿನಲ್ಲಿ ಊರನ್ನು ಕಟ್ಟಿಕೊಂಡೇ ಹೋದರು. ಅದೇ ಮನೆತನಗಳ ಹೆಣ್ಣುಮಕ್ಕಳ ಹೆಸರಿನ ಚರಿತ್ರೆ ಬೇರೆ ಬಗೆಯದು. ಬಿ.ಎಂ.ಶ್ರೀಯವರ ತಮ್ಮನ ಮಗಳೊಬ್ಬಳಿಗೆ ಹುಟ್ಟಿದಾಗ ಇಟ್ಟ ಹೆಸರು ಭಾಗೀರಥಿ. ಶಾಲೆಯ ದಾಖಲೆಯಲ್ಲಿ ಆಕೆ ಅನಸೂಯ. ಮದುವೆಯಾದ ಮೇಲೆ ಅನಸೂಯ ಶಂಕರ್. ಕನ್ನಡದ ಓದುಗರಿಗೆ ಇವರಾರೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಊರಿನ ಗುರುತಾಗಲೀ ತಂದೆಯ ಗುರುತಾಗಲೀ ಗಂಡನ ಗುರುತಾಗಲೀ ಇಲ್ಲದ ತ್ರಿವೇಣಿ ಎಂಬ ಒಂದೇ ಹೆಸರು.

ಮೊದಲ ಮೂರು ಹೆಸರುಗಳನ್ನು ಇತರರು ಕೊಟ್ಟರು, ನಾಲ್ಕನೆಯದು ಬರವಣಿಗೆಯ ಹೆಸರು. ಭಾಗೀರಥಿಯಿಂದ ತ್ರಿವೇಣಿಗೆ ಬಂದರೂ ನದಿಯ ನಂಟು ತಪ್ಪಲಿಲ್ಲ ಎಂಬುದು ಕುತೂಹಲದ ಸಂಗತಿ. ಅವರ ಅತ್ಯಂತ ಪ್ರಸಿದ್ಧ ನಾಯಕಿಗೂ ಕಾವೇರಿ ಎಂದೇ ಹೆಸರು. ಕನ್ನಡದ ಜನಪದ ಪರಂಪರೆಯಲ್ಲಿ ಭಾಗೀರಥಿ ಎಂದೊಡನೆ ನೆನಪಾಗುವವಳು ಕೆರೆಗೆ ಹಾರವಾದ ಕಿರಿಸೊಸೆ. ಮನೆಯ ಹಿರಿಯರು ಕೂಡಿ ತನ್ನ ಬಗ್ಗೆ ಕೈಗೊಂಡ ತೀರ್ಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡು ತವರಿಗೆ ಹೋಗಿಬರುವ, ತವರೂ ತಡೆಯಲಾಗದೆ ಕಳಿಸಿಕೊಡುವ ಹೆಣ್ಣು ಅವಳು. ಈ ಹೋಲಿಕೆ ಕಾಕತಾಳೀಯ. ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ. ಆದರೆ ಹೆಣ್ಣಿನ ಬದುಕನ್ನು ಕುರಿತ ನಿರ್ಣಯಗಳು ಮನೆಯೊಳಗೆ ಹೇಗೆ ರೂಪುಗೊಳ್ಳುತ್ತವೆ, ಒಮ್ಮೆ ಹೊಸಿಲು ದಾಟಿದವಳು ಹಿಂದಿರುಗಿದಾಗ ಅದೇ ಮನೆ ಅವಳನ್ನು ಹೇಗೆ ಎದುರುಗೊಳ್ಳುತ್ತದೆ ಎಂಬ ಪ್ರಶ್ನೆ ತ್ರಿವೇಣಿಯವರ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರೇಮ, ದಾಂಪತ್ಯ, ಮರುಬಾಳು ಎಂಬ ಜನಪ್ರಿಯ ವಸ್ತುಗಳನ್ನೇ ಎತ್ತಿಕೊಂಡ ಈ ಲೇಖಕಿ ಮರುಬಾಳು ಹೆಣ್ಣಿನ ಮನೋಬಲವೊಂದರಿಂದಲೇ ಸಿದ್ಧಿಸುವುದಿಲ್ಲ ಎಂಬುದನ್ನು ಬಹು ಬೇಗ ಕಂಡುಕೊಂಡಿದ್ದರು.

ತ್ರಿವೇಣಿಯವರು ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮಂಡ್ಯದಲ್ಲಿ. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಮಂಡ್ಯ ಆಗಿನ್ನೂ ಮೈಸೂರು ಜಿಲ್ಲೆಗೆ ಸೇರಿದ ಊರು. ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ, ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಕಾಲುವೆಯ ನೀರು ಮತ್ತು ಕಬ್ಬಿನ ಹಣ ಒಂದು ಚಿಕ್ಕ ಊರಿನ ಚಹರೆಯನ್ನು ಬದಲಿಸುತ್ತಿದ್ದ ವರ್ಷಗಳಲ್ಲಿ ಅವರ ಬಾಲ್ಯ ಕಳೆಯಿತು. ಮನೆತನದಲ್ಲಿ ಬರವಣಿಗೆಗೆ ಬರವಿರಲಿಲ್ಲ. ‘ಇಂಗ್ಲಿಷ್ ಗೀತಗಳು’ ಮೂಲಕ ನವೋದಯಕ್ಕೆ ದಾರಿ ತೆರೆದ ಬಿ.ಎಂ.ಶ್ರೀ ದೊಡ್ಡಪ್ಪ. ‘ಶುಭಮಂಗಳ’, ‘ಎರಡು ಕನಸು’, ‘ಹೊಸ ಬೆಳಕು’ ಕಾದಂಬರಿಗಳ ವಾಣಿ, ಅಂದರೆ ಬಿ.ಎನ್. ಸುಬ್ಬಮ್ಮ, ಹತ್ತಿರದ ಬಂಧು. ತಂಗಿ ಆರ್ಯಾಂಬ ಪಟ್ಟಾಭಿ ಮುಂದೆ ಕಾದಂಬರಿಕಾರ್ತಿಯಾದರು. ಒಂದೇ ಬಳಗದಿಂದ ಮೂವರು ಕಾದಂಬರಿಕಾರ್ತಿಯರು ಬಂದುದನ್ನು ಸಾಹಿತ್ಯ ಚರಿತ್ರೆಗಳು ಕೌಟುಂಬಿಕ ಸೋಜಿಗವೆಂಬಂತೆ ದಾಖಲಿಸಿ ಮುಂದೆ ಸಾಗುತ್ತವೆ. ಬಿ.ಎಂ.ಶ್ರೀಯವರದು ಪಾಶ್ಚಾತ್ಯ ಕಾವ್ಯವನ್ನು ಕನ್ನಡಕ್ಕೆ ತಂದ ಪಾಂಡಿತ್ಯದ ದಾರಿ. ಆ ಮನೆತನದ ಹೆಣ್ಣುಮಕ್ಕಳು ಹಿಡಿದದ್ದು ಕನ್ನಡದ ಮನೆಮಾತನ್ನು ಗದ್ಯಕ್ಕೆ ತಂದ ದಾರಿ. ಎರಡನೆಯದರ ಪರಿಣಾಮ ಮೊದಲನೆಯದಕ್ಕಿಂತ ಕಿರಿದೆಂದು ಓದುಗರ ಸಂಖ್ಯೆಯನ್ನು ನೋಡಿದವರಾರೂ ಹೇಳಲಾರರು.

ಉನ್ನತ ಶಿಕ್ಷಣಕ್ಕೆ ಮೈಸೂರು ಸೇರಿದ ಅನಸೂಯ 1947ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಅವರ ಅಧ್ಯಯನದ ವಿಷಯ ಮನಶ್ಶಾಸ್ತ್ರ. ಮುಂದಿನ ಬರವಣಿಗೆಯ ದೃಷ್ಟಿಯಿಂದ ಇದು ಅವರ ಜೀವನದ ನಿರ್ಣಾಯಕ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವು ಇಡೀ ಭಾರತದಲ್ಲೇ ಮೊದಲ ಕೆಲವುಗಳಲ್ಲಿ ಒಂದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಕೇಂದ್ರವೊಂದನ್ನು ನಡೆಸಿ ಆಕಾಶವಾಣಿ ಎಂಬ ಹೆಸರನ್ನು ಬಳಕೆಗೆ ತಂದವರು. ಮನಸ್ಸಿನ ಕಾಯಿಲೆಯನ್ನು ದೆವ್ವ, ಗಾಳಿ, ಪೂರ್ವಕರ್ಮ ಎಂದು ನೋಡುತ್ತಿದ್ದ ಸಮಾಜದ ನಡುವೆ ಅದಕ್ಕೆ ಕಾರಣವುಂಟು, ಕ್ರಮವುಂಟು, ಚಿಕಿತ್ಸೆಯುಂಟು ಎಂದು ಪಾಠ ಹೇಳುತ್ತಿದ್ದ ತರಗತಿಯಿಂದ ಹೊರಬಂದ ತರುಣಿ ಕಾದಂಬರಿ ಬರೆದದ್ದು ಕನ್ನಡಕ್ಕೆ ಒದಗಿದ ಒಂದು ಸುಯೋಗ. ಅವರು ಆ ವಿಷಯದಲ್ಲಿ ಅಧ್ಯಾಪಕಿಯಾಗಿ ಮುಂದುವರಿದಿದ್ದರೆ ಒಂದೆರಡು ತಲೆಮಾರಿನ ವಿದ್ಯಾರ್ಥಿಗಳಿಗೆ ತಲುಪಬಹುದಾಗಿದ್ದ ತಿಳಿವಳಿಕೆ ಕಾದಂಬರಿಗಳ ಮೂಲಕ ತಾಲ್ಲೂಕು ಕೇಂದ್ರಗಳ ಅಡುಗೆಮನೆಗಳವರೆಗೂ ಹೋಯಿತು.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರೊಡನೆ ವಿವಾಹವಾಗಿ ಅನಸೂಯ ಮೈಸೂರಿನಲ್ಲಿ ನೆಲೆಸಿದರು. ಮೊದಲ ಕಾದಂಬರಿ ‘ಅಪಸ್ವರ’ ಪ್ರಕಟವಾದದ್ದು 1953ರಲ್ಲಿ. ಅವರು ತೀರಿಕೊಂಡದ್ದು 1963ರಲ್ಲಿ. ಈ ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳೂ ‘ಹೆಂಡತಿಯ ಹೆಸರು’, ‘ಎರಡು ಮನಸ್ಸು’, ‘ಸಮಸ್ಯೆಯ ಮಗು’ ಎಂಬ ಮೂರು ಸಂಕಲನಗಳಷ್ಟು ಕಥೆಗಳೂ ಅವರಿಂದ ಬಂದವು. ವರ್ಷಕ್ಕೆರಡು ಕಾದಂಬರಿಗಳ ಲೆಕ್ಕವಾಯಿತು. ‘ಅವಳ ಮನೆ’ ಕಾದಂಬರಿಗೆ ರಾಜ್ಯಮಟ್ಟದ ಪ್ರಶಸ್ತಿಯೂ ದೊರೆಯಿತು. ದೇಹಸ್ಥಿತಿ ಉತ್ತಮವಾಗಿಲ್ಲದಿದ್ದರೂ ಬರವಣಿಗೆ ಎಡೆಬಿಡದೆ ನಡೆಯಿತು.

ಅವರು ಬರೆಯಲು ಆರಂಭಿಸಿದ ಕಾಲದ ಸಾಹಿತ್ಯ ಸಂದರ್ಭವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಹೆಣ್ಣಿನ ಬದುಕನ್ನು ಹೆಣ್ಣೇ ಬರೆದ ಕಾದಂಬರಿ ಕನ್ನಡದಲ್ಲಿ ಅಷ್ಟರಲ್ಲಾಗಲೇ ನಾಲ್ಕು ದಶಕ ಹಳೆಯದು. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ (1887-1982) 1913ರಲ್ಲಿ ‘ಸುಶೀಲೆ’ಯನ್ನು ಪ್ರಕಟಿಸಿ, ಸತೀಹಿತೈಷಿಣೀ ಗ್ರಂಥಮಾಲೆಯನ್ನು ನಡೆಸಿ, ಮುದ್ರಣ ಮತ್ತು ಪತ್ರಿಕೆಗಳ ಲೋಕವನ್ನೂ ಪ್ರವೇಶಿಸಿದ್ದರು. ಕೊಡಗಿನ ಗೌರಮ್ಮ (1912-1939) ತಮ್ಮ ಅಲ್ಪಾಯುಷ್ಯದಲ್ಲಿ ಬರೆದ ಕಥೆಗಳಲ್ಲಿ ವಿಧವೆಯ ಆಸೆ ಆಕಾಂಕ್ಷೆಗಳ ಪ್ರಶ್ನೆಯನ್ನು ಎತ್ತಿದ್ದರು. ಇನ್ನೊಂದೆಡೆ, 1940ರ ದಶಕದಲ್ಲಿ ಅನಕೃ ಅವರ ಮುಂದಾಳುತನದಲ್ಲಿ ಬೆಳೆದ ಪ್ರಗತಿಶೀಲ ಚಳವಳಿ ಕಾದಂಬರಿಯನ್ನು ಸಾಮಾನ್ಯ ಓದುಗರ ಮನೆಬಾಗಿಲಿಗೆ ತಂದಿತ್ತು. ‘ನಗ್ನ ಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ವೇಶ್ಯಾಸಮಸ್ಯೆಯನ್ನು ಎತ್ತಿಕೊಂಡ ಅನಕೃ ಅಶ್ಲೀಲತೆಯ ಆರೋಪವನ್ನು ಎದುರಿಸಿ, ಅದಕ್ಕೆ ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದರು. ಸಮಾಜ ಬೀದಿಗೆ ತಳ್ಳಿದ ಹೆಣ್ಣಿಗಾಗಿ ಕಾದಂಬರಿಕಾರ ವಾದಿಸಬಹುದೆಂಬುದು ಆ ಹೊತ್ತಿಗೆ ಸ್ಥಾಪಿತವಾಗಿತ್ತು. ಮನೆಯೊಳಗೇ ಉಳಿದು ಕುಸಿದ ಹೆಣ್ಣಿನ ಬಗ್ಗೆ ಅಷ್ಟು ಗಮನ ಹರಿದಿರಲಿಲ್ಲ. ‘ಅಪಸ್ವರ’ ಬಂದ ಮರುವರ್ಷ, 1954ರಲ್ಲಿ, ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಪ್ರಕಟವಾಯಿತು. ಅಲ್ಲಿಂದಾಚೆಗೆ ವಿಮರ್ಶೆಯ ಕಣ್ಣು ನವ್ಯದ ಕಡೆ ಹೊರಳಿತು. ಹೀಗೆ ಒಂದು ಚಳವಳಿ ಇಳಿಯುವ, ಇನ್ನೊಂದು ಏಳುವ ಸಂಧಿಯಲ್ಲಿ ತ್ರಿವೇಣಿ ಬರೆದರು. ಅವರು ಎರಡಕ್ಕೂ ಸೇರಲಿಲ್ಲ. ಎರಡೂ ಅವರನ್ನು ಸೇರಿಸಿಕೊಳ್ಳಲಿಲ್ಲ.

ಸೇರಿಸಿಕೊಂಡವರು ಓದುಗರು, ಮುಖ್ಯವಾಗಿ ಓದುಗಿತಿಯರು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪ್ರೌಢಶಾಲೆಯವರೆಗೆ ಓದಿ, ಮದುವೆಯಾಗಿ, ಮುಂದೆ ಓದುವ ಅವಕಾಶ ಸಿಗದ ಹೆಣ್ಣುಮಕ್ಕಳ ದೊಡ್ಡ ಸಮೂಹವೊಂದು ಹಳೆಯ ಮೈಸೂರಿನ ಪಟ್ಟಣಗಳಲ್ಲಿತ್ತು. ಹೇಮಾವತಿಯ ಸೀಮೆಯ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಧ್ಯಮವರ್ಗದ ಮನೆಗೂ ಮೈಸೂರಿನ ಮನೆಗೂ ಭಾಷೆ, ಆಚಾರ, ಅಡುಗೆ, ನಂಟಸ್ತನ ಯಾವುದರಲ್ಲೂ ಬಹಳ ಅಂತರವಿರಲಿಲ್ಲ. ತ್ರಿವೇಣಿಯವರ ಪಾತ್ರಗಳು ಆಡುವ ಮಾತು ಆ ಮನೆಗಳ ನಡುಮನೆಯಲ್ಲಿ ಕೇಳುತ್ತಿದ್ದ ಮಾತೇ. ಅಲಂಕಾರಗಳಿಲ್ಲದ ಚಿಕ್ಕ ಚಿಕ್ಕ ವಾಕ್ಯಗಳು, ವರ್ಣನೆಗಿಂತ ಸಂಭಾಷಣೆಗೆ ಹೆಚ್ಚಿನ ಜಾಗ, ಮಧ್ಯಾಹ್ನದ ಒಂದು ಬಿಡುವಿನಲ್ಲಿ ಹಲವು ಅಧ್ಯಾಯ ಮುಗಿಸಬಹುದಾದ ಓಟ: ಈ ಗದ್ಯದ ಸರಳತೆಯನ್ನು ದೌರ್ಬಲ್ಯವೆಂದು ಎಣಿಸಿದವರುಂಟು. ಓದಲು ಸಿಗುವ ಸಮಯ ಎಷ್ಟು, ಯಾವಾಗ, ಯಾರ ಕಣ್ತಪ್ಪಿಸಿ ಎಂಬುದನ್ನು ಬಲ್ಲ ಲೇಖಕಿ ತನ್ನ ಓದುಗರಿಗಾಗಿ ಕಂಡುಕೊಂಡ ಶೈಲಿ ಅದು ಎಂದು ನೋಡುವುದೇ ಹೆಚ್ಚು ನ್ಯಾಯ.

ಕಾದಂಬರಿಗಳ ಕಡೆ ಬಂದರೆ, ‘ಬೆಳ್ಳಿ ಮೋಡ’ದ ಕಥೆ ಮೇಲ್ನೋಟಕ್ಕೆ ಭಗ್ನಪ್ರೇಮದ ಕಥೆ. ಸಿರಿವಂತ ತೋಟದ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಅವಳಿಗೆ ಗೊತ್ತಾದ ವರ ಮೋಹನ ಭಾವೀ ಮಾವನ ಹಣದಿಂದ ವಿದೇಶಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಇಂದಿರಾಳಿಗೆ ತಮ್ಮ ಹುಟ್ಟಿರುತ್ತಾನೆ. ಆಸ್ತಿ ಕೈತಪ್ಪಿತೆಂದು ತಿಳಿದ ಮೋಹನ ಮದುವೆಗೆ ಹಿಂಜರಿಯುತ್ತಾನೆ. ಮುಂದೆ ಅಪಘಾತಕ್ಕೀಡಾಗಿ ಅದೇ ಮನೆಯಲ್ಲಿ ಇಂದಿರಾಳ ಆರೈಕೆಯಿಂದ ಚೇತರಿಸಿಕೊಂಡಾಗ ಅವನ ಮನಸ್ಸು ತಿರುಗುತ್ತದೆ. ಈಗ ನಿರಾಕರಿಸುವ ಸರದಿ ಅವಳದು. ತ್ರಿವೇಣಿ ಬರೆಯುತ್ತಿದ್ದ ದಶಕದಲ್ಲೇ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗನೊಡನೆ ಮಗಳಿಗೂ ಪಾಲು ಕೊಟ್ಟಿತು ಎಂಬುದನ್ನು ಇಲ್ಲಿ ನೆನೆಯಬೇಕು. ಕಾನೂನಿನ ಲೆಕ್ಕ ಬದಲಾದರೂ ಮದುವೆಯ ಮಾರುಕಟ್ಟೆಯ ಲೆಕ್ಕ ಬದಲಾಗಿರಲಿಲ್ಲ; ತಮ್ಮ ಹುಟ್ಟಿದ ದಿನ ಅಕ್ಕನ ಬೆಲೆ ಇಳಿಯುತ್ತದೆ. ಜನಪ್ರಿಯ ಪ್ರೇಮಕಥೆಯ ನಿಯಮದಂತೆ ಪಶ್ಚಾತ್ತಾಪಪಟ್ಟ ಗಂಡಿಗೆ ಕ್ಷಮೆ ಸಿಗಬೇಕು, ಕಥೆ ಮಂಗಳದಲ್ಲಿ ಮುಗಿಯಬೇಕು. ಇಂದಿರಾ ಆ ಮಂಗಳವನ್ನು ತಿರಸ್ಕರಿಸುತ್ತಾಳೆ. ಅವಳು ಶುಶ್ರೂಷೆ ಮಾಡಿದ್ದು ಅನುಕಂಪದಿಂದ; ಅದನ್ನು ಪ್ರೀತಿಯೆಂದು ಮತ್ತೆ ನಗದು ಮಾಡಿಕೊಳ್ಳಲು ಅವಳು ಬಿಡುವುದಿಲ್ಲ. ಹೊಸ ಬದುಕೆಂದರೆ ಮತ್ತೆ ಮದುವೆಯೇ ಆಗಬೇಕಿಲ್ಲ ಎಂಬ ಈ ನಿಲುವು ಆ ಕಾಲದ ಕನ್ನಡ ಕಾದಂಬರಿಯಲ್ಲಿ ಸಾಮಾನ್ಯವಾಗಿರಲಿಲ್ಲ.

‘ಹಣ್ಣೆಲೆ ಚಿಗುರಿದಾಗ’ ವಿಧವಾ ವಿವಾಹದ ಕಥೆ. ಶೀರ್ಷಿಕೆಯನ್ನು ಮೊದಲ ಬಾರಿ ಕೇಳಿದವರು ಅದು ಮರುಮದುವೆಯಾಗುವ ಹೆಣ್ಣಿನ ಬಗ್ಗೆ ಎಂದುಕೊಳ್ಳುವುದು ಸಹಜ. ಆದರೆ ಮಾಲತಿ ಹಣ್ಣೆಲೆಯಲ್ಲ, ಆಕೆ ತರುಣಿ. ಹಣ್ಣೆಲೆ ಅವಳ ತಂದೆ ರಂಗರಾಯರು. ಮಗಳ ಮದುವೆ ಸಾಧ್ಯವಾಗಬೇಕಾದರೆ ಮೊದಲು ಮುದುಕನ ಮನಸ್ಸು ಚಿಗುರಬೇಕು. ವಿಧವಾ ವಿವಾಹಕ್ಕೆ ಕಾನೂನಿನ ಸಮ್ಮತಿ ಸಿಕ್ಕಿ ಆಗಲೇ ನೂರು ವರ್ಷ ಸಂದಿತ್ತು. 1856ರ ಕಾಯ್ದೆ ಸಮ್ಮತಿಸಿದ್ದನ್ನು ಒಂದು ಮನೆಯ ಯಜಮಾನ ಸಮ್ಮತಿಸುವವರೆಗೆ ಅದು ಕಾಗದದ ಮೇಲಿನ ಅಕ್ಷರ. ಸುಧಾರಣೆಯ ಕಥೆಗಳು ಸಾಮಾನ್ಯವಾಗಿ ವಿಧವೆಯ ಕಣ್ಣೀರನ್ನು ಕೇಂದ್ರದಲ್ಲಿಟ್ಟರೆ, ಇಲ್ಲಿ ಪರೀಕ್ಷೆಗೆ ಒಳಗಾಗುವವನು ತಂದೆ.

ತ್ರಿವೇಣಿ ತೀರಿಕೊಂಡ ಎರಡು ವರ್ಷಕ್ಕೆ, 1965ರಲ್ಲಿ, ಭೈರಪ್ಪನವರ ‘ವಂಶವೃಕ್ಷ’ ಪ್ರಕಟವಾಯಿತು. ಅಲ್ಲಿನ ಕಾತ್ಯಾಯನಿಯೂ ತರುಣ ವಿಧವೆ. ಅವಳೂ ಕಾಲೇಜಿಗೆ ಹೋಗುತ್ತಾಳೆ, ಅಲ್ಲಿನ ಅಧ್ಯಾಪಕನನ್ನು ಪ್ರೀತಿಸಿ ಮರುಮದುವೆಯಾಗುತ್ತಾಳೆ. ಆದರೆ ಮಗನನ್ನು ಶ್ರೋತ್ರಿಗಳ ಮನೆಯಲ್ಲಿ ಬಿಟ್ಟು ಬಂದ ಅವಳ ಎರಡನೆಯ ದಾಂಪತ್ಯದಲ್ಲಿ ಗರ್ಭ ನಿಲ್ಲುವುದಿಲ್ಲ. ಪಾಪಪ್ರಜ್ಞೆಯಿಂದ ಕ್ಷೀಣಿಸಿ ಸಾಯುತ್ತಾಳೆ. ಎರಡೂ ಕೃತಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದೇ ಪ್ರದೇಶದ, ಒಂದೇ ವರ್ಗದ, ಒಂದೇ ಸಮಸ್ಯೆಗೆ ಎರಡು ದೃಷ್ಟಿಗಳು ಸ್ಪಷ್ಟವಾಗುತ್ತವೆ. ಭೈರಪ್ಪನವರ ಕಾದಂಬರಿಯ ತಾತ್ತ್ವಿಕ ವಿಸ್ತಾರ, ಪಾತ್ರಗಳ ಎತ್ತರ ತ್ರಿವೇಣಿಯವರ ಕೃತಿಗಿಲ್ಲ; ಅದನ್ನು ಒಪ್ಪಿಕೊಳ್ಳಲು ಸಂಕೋಚಪಡಬೇಕಿಲ್ಲ. ಆದರೆ ‘ವಂಶವೃಕ್ಷ’ದಲ್ಲಿ ಹೊಸಿಲು ದಾಟಿದ ಹೆಣ್ಣಿನ ದೇಹವೇ ಅವಳ ವಿರುದ್ಧ ಸಾಕ್ಷಿ ನುಡಿಯುತ್ತದೆ. ತ್ರಿವೇಣಿಯವರ ಕಾದಂಬರಿ ಆ ಸಾಕ್ಷಿಯನ್ನು ಕಟಕಟೆಗೆ ಕರೆಯುವುದೇ ಇಲ್ಲ. ಬದಲಾಗಬೇಕಾದದ್ದು ಯಾರು ಎಂಬ ಪ್ರಶ್ನೆಗೆ ಒಂದು ಕೃತಿ ಹೆಣ್ಣಿನ ಅಂತರಂಗದಲ್ಲಿ, ಇನ್ನೊಂದು ಮನೆಯ ಹಿರಿಯನ ಅಂತರಂಗದಲ್ಲಿ ಉತ್ತರ ಹುಡುಕುತ್ತದೆ. ಈ ಎರಡು ಕಾದಂಬರಿಗಳನ್ನು ಒಟ್ಟಿಗೆ ಪಾಠ ಹೇಳುವ ಪರಿಪಾಠ ನಮ್ಮ ತರಗತಿಗಳಲ್ಲಿ ಬೆಳೆಯದಿದ್ದುದಕ್ಕೆ ಗಂಭೀರ ಕಾದಂಬರಿ, ಜನಪ್ರಿಯ ಕಾದಂಬರಿ ಎಂಬ ವಿಂಗಡಣೆಯೇ ಬಹುಮಟ್ಟಿಗೆ ಕಾರಣ.

ಮನಶ್ಶಾಸ್ತ್ರದ ಅಧ್ಯಯನ ನೇರವಾಗಿ ಕೆಲಸ ಮಾಡಿದ ಕೃತಿಗಳು ‘ಬೆಕ್ಕಿನ ಕಣ್ಣು’ ಮತ್ತು ‘ಶರಪಂಜರ’. ಮಲತಾಯಿಯ ಕ್ರೌರ್ಯದಲ್ಲಿ ಬೆಳೆದ ಹುಡುಗಿಯ ಭಯ ಹೇಗೆ ಮನಸ್ಸಿನ ಕಾಯಿಲೆಯಾಗಿ ಬೆಳೆಯುತ್ತದೆ ಎಂಬುದು ಮೊದಲನೆಯದರ ವಸ್ತು. ಎರಡನೆಯದು ತ್ರಿವೇಣಿಯವರ ಹೆಸರನ್ನು ಶಾಶ್ವತಗೊಳಿಸಿದ ಕೃತಿ.

‘ಶರಪಂಜರ’ದ ಕಾವೇರಿ ಸುಖಿ. ಒಪ್ಪಿ ಮದುವೆಯಾದ ಗಂಡ ಸತೀಶ, ಒಳ್ಳೆಯ ಮನೆ, ಮಕ್ಕಳು. ಹೆರಿಗೆಯ ಅನಂತರ ಅವಳಿಗೆ ಚಿತ್ತವೈಕಲ್ಯ ಬರುತ್ತದೆ. ಹಳ್ಳಿಗಳಲ್ಲಿ ಇದನ್ನು ಬಾಣಂತಿ ಸನ್ನಿ ಎನ್ನುತ್ತಿದ್ದರು. ಹೆರಿಗೆಯಾದ ಕೆಲವೇ ದಿನ ಅಥವಾ ವಾರಗಳಲ್ಲಿ ಕಾಣಿಸಿಕೊಳ್ಳುವ, ತೀವ್ರವಾದರೂ ಸಕಾಲದಲ್ಲಿ ಚಿಕಿತ್ಸೆಯಾದರೆ ಬಹುಪಾಲು ಗುಣವಾಗುವ ಕಾಯಿಲೆ ಇದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದದ್ದು 1954ರಲ್ಲಿ. ಎರಡೂ ಸೇರಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಅಂದರೆ ಚಿಕಿತ್ಸೆ ಕೈಗೆಟುಕುವ ದೂರಕ್ಕೆ ಬಂದಿದ್ದ ಕಾಲವದು. ಕಾವೇರಿ ಆಸ್ಪತ್ರೆಗೆ ಹೋಗುತ್ತಾಳೆ, ಗುಣವಾಗುತ್ತಾಳೆ, ಮನೆಗೆ ಮರಳುತ್ತಾಳೆ. ಸಾಧಾರಣ ಕಾದಂಬರಿ ಇಲ್ಲಿಗೆ ಮುಗಿಯುತ್ತಿತ್ತು. ತ್ರಿವೇಣಿಯವರ ಕಾದಂಬರಿಯ ತಿರುಳು ಇಲ್ಲಿಂದ ತೆರೆದುಕೊಳ್ಳುತ್ತದೆ.

ಮರಳಿ ಬಂದ ಕಾವೇರಿಯನ್ನು ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಎಲ್ಲರೂ ಅವಳನ್ನು ಗಮನಿಸುತ್ತಾರೆ, ಅಷ್ಟೆ. ನಕ್ಕರೆ ಏಕೆ ನಕ್ಕಳೆಂದು, ಅತ್ತರೆ ಏಕೆ ಅತ್ತಳೆಂದು, ಸುಮ್ಮನಿದ್ದರೆ ಏಕೆ ಸುಮ್ಮನಿದ್ದಾಳೆಂದು ನೋಡುತ್ತಾರೆ. ಬೇರೆ ಯಾವ ಗೃಹಿಣಿ ಮಾಡಿದರೂ ಸಾಮಾನ್ಯವೆನಿಸುವ ಕೋಪ ಅವಳದಾದರೆ ರೋಗಲಕ್ಷಣ. ಮನೆಯ ಯಜಮಾನಿಕೆ ಅವಳ ಕೈಗೆ ಮರಳುವುದಿಲ್ಲ; ಗಂಡನ ಮನಸ್ಸು ಆ ವೇಳೆಗೆ ಬೇರೊಬ್ಬಳ ಕಡೆ ವಾಲಿರುತ್ತದೆ. ವೈದ್ಯರು ಗುಣವಾಗಿದೆ ಎಂದು ಕೊಟ್ಟ ತೀರ್ಪನ್ನು ಮನೆ, ನೆರೆಹೊರೆ, ನೆಂಟರು ಸೇರಿ ರದ್ದು ಮಾಡುತ್ತಾರೆ, ಕಾವೇರಿ ಮತ್ತೆ ಕುಸಿಯುತ್ತಾಳೆ. ಎರಡನೆಯ ಸಲದ ಕಾಯಿಲೆಗೆ ಹೆರಿಗೆ ಕಾರಣವಲ್ಲ, ಮನೆ ಕಾರಣ. ಒಂದು ಕುಟುಂಬ ಯಾವ ದುರುದ್ದೇಶವೂ ಇಲ್ಲದೆ, ಕೇವಲ ಅಂಜಿಕೆ, ಮುಜುಗರ ಮತ್ತು ಸ್ವಾರ್ಥದಿಂದ ಒಬ್ಬ ಸ್ವಸ್ಥ ಹೆಣ್ಣನ್ನು ಹುಚ್ಚಿಯನ್ನಾಗಿ ಮಾಡುವ ಕ್ರಮವನ್ನು ಇಷ್ಟು ನಿಖರವಾಗಿ ತೋರಿಸಿದ ಮತ್ತೊಂದು ಕೃತಿ ಆ ದಶಕದ ಕನ್ನಡದಲ್ಲಿ ಕಾಣುವುದಿಲ್ಲ. ಪಂಜರ ಎಂಬ ಪದ ಶೀರ್ಷಿಕೆಯಲ್ಲೇ ಇದೆ. ಅದು ಆಸ್ಪತ್ರೆಯ ಕೊಠಡಿಯನ್ನು ಸೂಚಿಸುವುದಿಲ್ಲ ಎಂಬುದು ಕಾದಂಬರಿ ಮುಗಿಯುವ ಹೊತ್ತಿಗೆ ತಿಳಿಯುತ್ತದೆ.

ಇದೇ ಪ್ರಶ್ನೆ ಬೇರೆ ಬೇರೆ ಸಮುದಾಯಗಳ ಮನೆಗಳಿಂದ ಮುಂದೆಯೂ ಕನ್ನಡ ಕಥನದಲ್ಲಿ ಎದ್ದುಬಂದಿದೆ. ಹಾಸನದ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯಲ್ಲಿ ಗಂಡ ಕೈಬಿಟ್ಟ ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬಂದರೆ, ಅಣ್ಣಂದಿರು ಮಾನಕ್ಕೆ ಹೆದರಿ ಅವಳನ್ನು ಅದೇ ಮನೆಗೆ ಹಿಂದಕ್ಕೆ ಕರೆದೊಯ್ದು ಬಿಡುತ್ತಾರೆ. ಆ ಹೆಸರಿನ ಕಥೆಯನ್ನೊಳಗೊಂಡು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಬಂಡಾಯದ ಹಿನ್ನೆಲೆಯ ಬಾನು ಅವರಿಗೂ ತ್ರಿವೇಣಿಯವರಿಗೂ ಧೋರಣೆಯಲ್ಲಿ, ಸಿಟ್ಟಿನ ಪ್ರಮಾಣದಲ್ಲಿ ಬಹಳ ವ್ಯತ್ಯಾಸವಿದೆ. ಆದರೆ ಮನೆಗೆ ಮರಳಿದ ಹೆಣ್ಣಿನ ಎದುರು ಬಾಗಿಲು ಅರ್ಧ ತೆರೆದು ನಿಲ್ಲುವ ಆ ಕ್ಷಣ ಇಬ್ಬರಿಗೂ ಮುಖ್ಯ.

ತ್ರಿವೇಣಿಯವರ ಬರವಣಿಗೆಯ ಮಿತಿಗಳೂ ಕಣ್ಣಿಗೆ ಬೀಳುತ್ತವೆ. ಅವರ ಲೋಕ ಬಹುಪಾಲು ಮೇಲ್ಜಾತಿಯ ವಿದ್ಯಾವಂತ ಮಧ್ಯಮವರ್ಗದ್ದು. ಹೊಲ, ಕಾರ್ಖಾನೆ, ಕೇರಿಗಳು ಅದರ ಅಂಚಿನಲ್ಲೂ ಅಪರೂಪ. ಹುಟ್ಟಿದೂರಾದ ಮಂಡ್ಯ ತಮ್ಮ ಕಣ್ಣೆದುರೇ ಕಬ್ಬಿನ ಊರಾಗಿ ಮಾರ್ಪಟ್ಟದ್ದು ಅವರ ಕಾದಂಬರಿಗಳಿಗೆ ಮುಖ್ಯ ವಸ್ತುವಾಗಲಿಲ್ಲ. ಮನಶ್ಶಾಸ್ತ್ರದ ವಿವರಣೆ ಕೆಲವೆಡೆ ಕಥೆಯಲ್ಲಿ ಕರಗದೆ ಪಾಠದಂತೆ ಉಳಿಯುತ್ತದೆ. ಆಕಸ್ಮಿಕಗಳ ಮೇಲೆ ಕಥೆ ತಿರುಗುವುದೂ ಉಂಟು. ಹತ್ತು ವರ್ಷಗಳಲ್ಲಿ ಅಷ್ಟು ಬರೆದಾಗ ಕೆಲವು ಕೃತಿಗಳು ತೆಳುವಾಗುವುದು ಅನಿವಾರ್ಯ. ‘ಶರಪಂಜರ’ದ ಬಿಗಿ ಎಲ್ಲ ಕೃತಿಗಳಲ್ಲೂ ಇಲ್ಲ.

ಆದರೆ ವಿಮರ್ಶೆ ಅವರನ್ನು ಬದಿಗಿಟ್ಟದ್ದು ಈ ಮಿತಿಗಳನ್ನು ಪರಿಶೀಲಿಸಿ ಅಲ್ಲ. ಲೇಖಕಿಯರ ಕಾದಂಬರಿಗಳನ್ನು ಒಟ್ಟಾರೆಯಾಗಿ ಅಡುಗೆಮನೆ ಸಾಹಿತ್ಯವೆಂದು ಕರೆದು ಪುಟ ಮಗುಚುವ ರೂಢಿಯೊಂದು ಬಹುಕಾಲ ನಡೆಯಿತು. ಅಡುಗೆಮನೆಯಲ್ಲಿ ಆಸ್ತಿ, ಅಧಿಕಾರ, ಅಂತಸ್ತು, ಹುಚ್ಚು, ಸಾವು ಎಲ್ಲವೂ ಇರಬಹುದೆಂಬ ಯೋಚನೆ ಆ ಹೆಸರನ್ನು ಬಳಸಿದವರಿಗೆ ಬಂದಂತಿಲ್ಲ. ವ್ಯಕ್ತಿಯ ಒಂಟಿತನ, ಪರಕೀಯತೆಗಳನ್ನು ಸಾಹಿತ್ಯದ ಪರಮ ವಸ್ತುವೆಂದು ಎತ್ತಿಹಿಡಿದ ನವ್ಯ ವಿಮರ್ಶೆಗೆ ತನ್ನದೇ ಮನೆಯಲ್ಲಿ ಪರಕೀಯಳಾದ ಕಾವೇರಿ ಕಾಣಲಿಲ್ಲವೆಂಬುದು ವಿಚಿತ್ರ. 1970ರ ದಶಕದ ಕೊನೆಯಿಂದಾಚೆಗೆ ಸ್ತ್ರೀವಾದಿ ಅಧ್ಯಯನಗಳು ಬೆಳೆದ ಮೇಲೆ ಈ ಧೋರಣೆ ಸಡಿಲವಾಯಿತು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ದಬ್ಬೆಯಿಂದ ಬಂದು ಮೈಸೂರಿನಲ್ಲಿ ಅಧ್ಯಾಪಕಿಯಾಗಿ, ಸಮತಾ ಅಧ್ಯಯನ ಕೇಂದ್ರವನ್ನು ಕಟ್ಟಿದವರಲ್ಲಿ ಒಬ್ಬರಾಗಿ ಕೆಲಸ ಮಾಡಿದ ವಿಜಯಾ ದಬ್ಬೆ, ಮಹಿಳಾ ಸಾಹಿತ್ಯವನ್ನು ಓದುವ ಕ್ರಮವನ್ನೇ ಪ್ರಶ್ನಿಸಿದವರಲ್ಲಿ ಪ್ರಮುಖರು. ತಮ್ಮ ಊರಿನ ಹೆಸರನ್ನು ಮೊದಲಕ್ಷರವಾಗಿ ಕುಗ್ಗಿಸದೆ ಪೂರ್ತಿಯಾಗಿ ಹೊತ್ತುಕೊಂಡ ಈ ಲೇಖಕಿ 2018ರಲ್ಲಿ ತೀರಿಕೊಂಡರು.

ಸಿನಿಮಾ ಮಾತ್ರ ವಿಮರ್ಶೆಗಿಂತ ಮೊದಲೇ ಎಚ್ಚೆತ್ತಿತ್ತು. ಪುಟ್ಟಣ್ಣ ಕಣಗಾಲ್ 1966ರಲ್ಲಿ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮಲಯಾಳದಲ್ಲಿ ‘ಪೂಚ್ಚಕ್ಕಣ್ಣಿ’ಯಾಗಿ ತೆರೆಗೆ ತಂದರು. 1967ರ ‘ಬೆಳ್ಳಿ ಮೋಡ’ ಕನ್ನಡ ಚಿತ್ರರಂಗದಲ್ಲಿ ಅವರಿಗೆ ಹೆಸರು ತಂದಿತು. 1968ರಲ್ಲಿ ಎಂ.ಆರ್. ವಿಠಲ್ ನಿರ್ದೇಶನದ ‘ಹಣ್ಣೆಲೆ ಚಿಗುರಿದಾಗ’, 1970ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರ ‘ಮುಕ್ತಿ’, 1971ರಲ್ಲಿ ಪುಟ್ಟಣ್ಣನವರ ‘ಶರಪಂಜರ’ ಬಂದವು. 1993ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ‘ಹೂವು ಹಣ್ಣು’ ಕಾದಂಬರಿಯನ್ನು ಎತ್ತಿಕೊಂಡರು. ಇಂದಿರಾ, ಮಾಲತಿ, ಕಾವೇರಿ ಮೂವರ ಪಾತ್ರವನ್ನೂ ಕಲ್ಪನಾ ವಹಿಸಿದ್ದರಿಂದ ಒಂದು ತಲೆಮಾರಿನ ಪ್ರೇಕ್ಷಕರಿಗೆ ತ್ರಿವೇಣಿಯವರ ನಾಯಕಿಯರೆಲ್ಲ ಒಂದೇ ಮುಖದವರಾದರು. ಇದರಿಂದ ಕೃತಿಗಳಿಗೆ ಲಾಭವೂ ಆಯಿತು, ನಷ್ಟವೂ ಆಯಿತು. ಕಾದಂಬರಿಯಲ್ಲಿ ತಗ್ಗಿದ ದನಿಯಲ್ಲಿ ನಡೆಯುವ ಕುಸಿತ ತೆರೆಯ ಮೇಲೆ ಆರ್ಭಟದ ಅಭಿನಯವಾಗಿ ನೆನಪಿನಲ್ಲಿ ಉಳಿಯಿತು. ‘ಶರಪಂಜರ’ ಎಂದರೆ ಹಾಡು ಮತ್ತು ಕಲ್ಪನಾ ಎಂದುಕೊಳ್ಳುವವರು ಕಾದಂಬರಿಯನ್ನು ತೆರೆದಾಗ ಅದರ ಮೌನಕ್ಕೆ ಬೆರಗಾಗುತ್ತಾರೆ.

ಈ ಚಿತ್ರಗಳಲ್ಲಿ ಒಂದನ್ನೂ ತ್ರಿವೇಣಿ ನೋಡಲಿಲ್ಲ. 1963ರ ಜುಲೈ ತಿಂಗಳಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಹತ್ತು ದಿನಗಳ ತರುವಾಯ, ಜುಲೈ 29ರಂದು, ಶ್ವಾಸಕೋಶದ ರಕ್ತನಾಳದಲ್ಲಿ ಉಂಟಾದ ತಡೆಯಿಂದ ಬಾಣಂತಿ ತೀರಿಕೊಂಡರು. ಆಗ ಅವರ ವಯಸ್ಸು ಮೂವತ್ತೈದೂ ತುಂಬಿರಲಿಲ್ಲ. ಆ ಹೊತ್ತಿಗೆ ಅವರ ಮೇಜಿನ ಮೇಲೆ ಅಪೂರ್ಣವಾಗಿ ಉಳಿದಿದ್ದ ಕಾದಂಬರಿಯ ಹೆಸರು ‘ಅವಳ ಮಗಳು’. ಅದನ್ನು ಎಂ.ಸಿ. ಪದ್ಮಾ ಬರೆದು ಮುಗಿಸಿದರು.